ಕಣ್ಣಿದ್ದೂ ನೋಡದ ಮಿರ್ಜಾಗಲಿ

ನನ್ನ ಹೆಂಡತಿಯ ತಮ್ಮ ಮಿರ್ಜಾಗಲಿಗೆ ಎರಡು ಕಣ್ಣುಗಳಿವೆ. ಎರಡೂ ಚೆನ್ನಾಗಿವೆ. ಆದರೆ ಅವುಗಳಿಂದ ಅವನು ಏನನ್ನಾದರೂ ನೋಡಿದ್ದನ್ನು ನಾನು ಕಂಡಿಲ್ಲ.

ಅವನು ಹುಟ್ಟಿದ್ದು ಕಿಜಿಲ್‌ತಾಸ್ ಬೆಟ್ಟದ ಕೆಳಗಿನ ಊರಿನಲ್ಲಿ. ಚಿಕ್ಕವನಿದ್ದಾಗ ಕುರಿ ಕಾಯುತ್ತಿದ್ದ. ಸಂಜೆ ಅವನ ಅಪ್ಪ, 'ಕುರಿ ಎಣಿಸಿದೆಯೇನೋ?' ಎಂದರೆ, 'ನಾಯಿ ಸುಮ್ನೆ ಮಲಗಿದೆ ಅಪ್ಪ, ಅಂದ್ಮೇಲೆ ಎಲ್ಲಾ ಇವೆ' ಎನ್ನುತ್ತಿದ್ದ. ನಾಯಿಯ ಮೇಲೆ ಅಷ್ಟು ನಂಬಿಕೆ. ಒಂದು ಚಳಿಗಾಲದಲ್ಲಿ ಕುರಿಗಳು ಒಂದೊಂದಾಗಿ ಕಾಣೆಯಾದವು. ಕೊನೆಗೆ ನೋಡಿದರೆ ತೋಳ ಹಿಡಿಯುತ್ತಿತ್ತು, ನಾಯಿ ಉಳಿದದ್ದನ್ನು ತಿಂದು ಸುಮ್ಮನೆ ಮಲಗುತ್ತಿತ್ತು.

ಆಮೇಲೆ ನಾವಿರುವ ಶಿಮ್ಕೆಂತ್ ಪಟ್ಟಣಕ್ಕೆ ಬಂದು ಹಿಟ್ಟಿನ ಲಾರಿ ಓಡಿಸಿದ. ಒಮ್ಮೆ ನಡುಬಯಲಲ್ಲಿ ಲಾರಿ ನಿಂತಿತು. ನನಗೆ ಫೋನ್ ಮಾಡಿದ. ನಾನು ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದೆ. ಒಳಗೆ ಒಣಗಿತ್ತು.

'ಮೀಟರಿನ ಮುಳ್ಳು ಟ್ಯಾಂಕ್ ತುಂಬಿದೆ ಅಂತ ತೋರಿಸ್ತಿದೆ ಭಾವ,' ಎಂದ.

'ಟ್ಯಾಂಕ್ ಖಾಲಿ ಇದೆಯಲ್ಲೋ.'

'ಮುಳ್ಳು ಸುಳ್ಳು ಹೇಳಲ್ಲ. ಈ ಟ್ಯಾಂಕೇ ಏನೋ ಸರಿ ಇಲ್ಲ.'

ಇಂಥವನಿಗೆ ಜನ ಕೊಡಬಾರದ ಕೆಲಸ ಒಂದೇ ಒಂದಿತ್ತು. ಅದನ್ನೇ ಕೊಟ್ಟರು.

ನಾನು ಊರಾಚೆಯ ಔಷಧ ಸಂಶೋಧನೆಯ ಸಂಸ್ಥೆಯಲ್ಲಿ ವ್ಯಾನ್ ಓಡಿಸುತ್ತೇನೆ. ಬೆಟ್ಟಗಳಿಂದ ಗಿಡ, ಬೇರು ತರುತ್ತೇವೆ. ಒಳಗಿನವರು ಅವುಗಳ ರಸ ತೆಗೆದು, ಯಾವುದು ಯಾವ ಕಾಯಿಲೆಗೆ ಆಗುತ್ತದೆ ಎಂದು ನೋಡುತ್ತಾರೆ. ಅಲ್ಲಿನ ನಿರ್ದೇಶಕರು ಸಾಪಾಬೆಕ್. ನಾವೆಲ್ಲ ಮರ್ಯಾದೆಗೆ ಸಾಪೆಕೆ ಎನ್ನುತ್ತೇವೆ. ಅವರದೂ ಕಿಜಿಲ್‌ತಾಸ್. ಒಂದೇ ಊರಿನವರು ಅಂದ ಮೇಲೆ ಬೇರೆ ಅರ್ಹತೆ ಯಾಕೆ? ಪರದೇಶದಿಂದ ದೊಡ್ಡ ಯಂತ್ರ ಬಂದಾಗ ಅದನ್ನು ನಡೆಸಲು ಮಿರ್ಜಾಗಲಿಯನ್ನು ಕರೆಸಿಕೊಂಡರು.

ಯಂತ್ರ ನಮ್ಮ ಬಟ್ಟೆ ಬೀರುವಿನಷ್ಟಿತ್ತು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರ ತುಂಬ ಸಣ್ಣ ಸಣ್ಣ ಗುಳಿಗಳು. ಪ್ರತಿ ಗುಳಿಯಲ್ಲೂ ಕ್ಯಾನ್ಸರಿನ ಜೀವಕೋಶಗಳನ್ನು ಸಾಕುತ್ತಾರೆ. ಅದಕ್ಕೆ ಒಂದೊಂದು ತೊಟ್ಟು ಬೇರಿನ ರಸ ಬಿಡುತ್ತಾರೆ. ಮರುದಿನ ನೀಲಿ ಬಣ್ಣ ಹಾಕಿ ತಟ್ಟೆಯನ್ನು ಯಂತ್ರದೊಳಗೆ ತಳ್ಳುತ್ತಾರೆ. ಯಂತ್ರ ತಾನೇ ದೀಪ ಹಾಕಿ, ಒಂದೊಂದು ಗುಳಿಯ ಫೋಟೋ ತೆಗೆದು, ಎಷ್ಟು ಕೋಶ ಬದುಕಿದೆ, ಎಷ್ಟು ಸಾಯುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಸಾಯುವ ಕೋಶ ಮುದುಡಿಕೊಂಡು ಹೆಚ್ಚು ಹೊಳೆಯುತ್ತದಂತೆ. ಕೊನೆಗೆ ಪರದೆಯ ಮೇಲೆ ಚೌಕಗಳು ಬರುತ್ತವೆ. ಹಸಿರು ಬಂದರೆ ರಸದಿಂದ ಏನೂ ಆಗಲಿಲ್ಲ. ಕೆಂಪು ಬಂದರೆ ಕೋಶ ಸತ್ತಿತು, ಅಂದರೆ ಔಷಧ ಸಿಕ್ಕಿರಬಹುದು.

ಯಂತ್ರ ಬಂದ ದಿನ ಮದುವೆಯಂತೆ ನಡೆಯಿತು. ಹಿರಿಯರೊಬ್ಬರು ಕೈಯೆತ್ತಿ ಹರಸಿದರು. ಮಗು ಮೊದಲ ಹೆಜ್ಜೆ ಇಡುವಾಗ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ ಕತ್ತರಿಸುತ್ತೇವಲ್ಲ, ಹಾಗೆ ಮಿರ್ಜಾಗಲಿ ಯಂತ್ರದ ಎರಡು ಕಾಲಿಗೆ ದಾರ ಕಟ್ಟಿಸಿದ. ಸಾಪೆಕೆ ಕತ್ತರಿಸಿದರು. ಹೆಂಗಸರು ಮಿಠಾಯಿ ಎರಚಿದರು. ಒಂದು ಮಿಠಾಯಿ ಯಂತ್ರದೊಳಗೆ ಹೋಯಿತು. ಪರದೇಶದ ಎಂಜಿನಿಯರ್ ಇಕ್ಕುಳದಲ್ಲಿ ಅದನ್ನು ತೆಗೆಯುತ್ತ ತನ್ನ ಭಾಷೆಯಲ್ಲಿ ಏನೋ ಹೇಳಿದ. ಹರಸಿದ ಹಾಗೆ ಕೇಳಿಸಲಿಲ್ಲ. ಊಟಕ್ಕೆ ಕುಳಿತಾಗ ಮುಖ್ಯ ಅತಿಥಿಗೆ ಕೊಡಬೇಕಾದ ಕುರಿಯ ತಲೆಯನ್ನು ಮಿರ್ಜಾಗಲಿ ಯಂತ್ರದ ಮುಂದೆ ಇಟ್ಟ. ಯಂತ್ರ ತಿನ್ನಲಿಲ್ಲ. ಅವನೇ ತಿಂದ.

ಆ ಕೋಣೆಯ ಮುಖ್ಯಸ್ಥೆ ಅಕ್ಮಾರಲ್ ಎಂಬ ಹೆಣ್ಣುಮಗಳು. ಓದಿದವಳು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಮಿರ್ಜಾಗಲಿ ಅವಳನ್ನು 'ತಂಗೀ' ಎಂದು ಕರೆಯುತ್ತಿದ್ದ.

'ನಾನು ನಿಮ್ಮ ತಂಗಿ ಅಲ್ಲ. ಫೋಟೋ ನೋಡಿದ್ರಾ?' ಎಂದು ಅವಳು ಕೇಳುತ್ತಿದ್ದಳು.

'ನೋಡೋಕೆ ಅಂತಾನೇ ಅಲ್ವಾ ತಂಗಿ ಯಂತ್ರ ತಂದಿರೋದು? ನಾನೂ ನೋಡಿದ್ರೆ ಅದಕ್ಕೆ ಅವಮಾನ.'

'ಹೋಲಿಸಿ ನೋಡೋಕೆ ಪ್ರತಿ ತಟ್ಟೇಲೂ ಬರೀ ನೀರಿನ ಸಾಲು ಒಂದು ಇರ್ಬೇಕು ಅಂದಿದ್ದೆ. ಅದೆಲ್ಲಿ?'

'ಮೊದಲ ದಿನವೇ ನೀರಿಂದು ನೋಡಿದೀವಲ್ಲ. ನೀರು ದಿನಾ ಬದಲಾಗುತ್ತಾ? ಅದೇ ಲೆಕ್ಕ ಇಟ್ಕೊಂಡಿದೀನಿ. ಆ ಗುಳಿಗಳಿಗೂ ಬೇರಿನ ರಸಾನೇ ಹಾಕಿದ್ರೆ ಕೆಲಸ ಬೇಗ ಮುಗಿಯುತ್ತೆ.'

ಅವಳು ಸಾಪೆಕೆಯವರ ಬಳಿ ದೂರಿದಳು. ಅವರು, 'ಹುಡುಗ ನಮ್ಮೂರವನು, ಚುರುಕಾಗಿದ್ದಾನೆ' ಎಂದರು. ಹುಡುಗನಿಗೆ ಆಗಲೇ ಬೋಳುತಲೆ.

ಒಂದು ದಿನ ನಾನು ಕಿಜಿಲ್‌ತಾಸ್ ಬೆಟ್ಟದಿಂದ ಕೆಂಪು ಬೇರಿನ ಚೀಲಗಳನ್ನು ತಂದೆ. ಊರಿನಲ್ಲಿ ಅದನ್ನು ಹೊಟ್ಟೆನೋವಿಗೆ ಕುದಿಸಿ ಕುಡಿಯುತ್ತಾರೆ. ಮಿರ್ಜಾಗಲಿ ಆ ಬೇರಿನ ರಸಕ್ಕೇ ಒಂದು ಇಡೀ ತಟ್ಟೆ ಮೀಸಲಿಟ್ಟ. ಮರುದಿನ ಸಂಸ್ಥೆಯಲ್ಲಿ ಗಲಾಟೆಯೋ ಗಲಾಟೆ. ತಟ್ಟೆಯ ಒಂದು ಗುಳಿಯೂ ಬಿಡದೆ ಎಲ್ಲ ಚೌಕ ಕೆಂಪು! ಸಾಪೆಕೆ ಓಡಿ ಬಂದು ಮಿರ್ಜಾಗಲಿಯನ್ನು ತಬ್ಬಿಕೊಂಡರು. 'ನಮ್ಮೂರ ಮಣ್ಣು!' ಎಂದರು. ಕಣ್ಣೀರು ಹಾಕಿದರು. ಅಕ್ಮಾರಲ್ ಮಾತ್ರ, 'ಒಂದಾದ್ರೂ ಹಸಿರು ಇರ್ಬೇಕಿತ್ತು. ಕೆಲವು ಗುಳೀಲಿ ತೀರಾ ನೀರು ಬೆರೆಸಿದ ರಸವೂ ಇತ್ತಲ್ಲ. ಇನ್ನೊಂದು ಸಲ ಮಾಡೋಣ' ಎಂದಳು. ಯಾರೂ ಕೇಳಲಿಲ್ಲ. ಮದುವೆಮನೆಯಲ್ಲಿ ಅಳುವವರನ್ನು ನೋಡುವ ಹಾಗೆ ಅವಳನ್ನು ನೋಡಿದರು.

ಇದು ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ.

ಆ ವಾರವೇ ನನ್ನ ಹೆಂಡತಿ ಬಾಗಿಲಾಳ ಎದೆಯಲ್ಲಿ ಗಂಟು ಇರುವುದು ಗೊತ್ತಾಯಿತು. ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿಸಿ, 'ಕ್ಯಾನ್ಸರು. ಚಿಕ್ಕದಿದೆ. ಈಗ ತೆಗೆದ್ರೆ ಬದುಕ್ತೀರ. ತಡ ಮಾಡಿದ್ರೆ ಕಂಕುಳಿಗೆ ಹರಡುತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ' ಎಂದರು. ಮುಂದಿನ ಸೋಮವಾರ ಬನ್ನಿ ಎಂದರು.

ಬಾಗಿಲಾಗೆ ಕತ್ತಿ ಎಂದರೆ ಭಯ. ಅವಳ ತಾಯಿ ಹೊಟ್ಟೆಯ ಆಪರೇಷನ್ನಿಗೆ ಎಂದು ಹೋದವರು ಮನೆಗೆ ಬರಲಿಲ್ಲ. ಮನೆಯಲ್ಲಿ ನಾನು, 'ಹೋಗೋಣ' ಎಂದೆ. ಅವಳು ಬೌರ್ಸಾಕ್ ಕರಿಯಲು ಹಿಟ್ಟು ನಾದುತ್ತಲೇ ಇದ್ದಳು.

ಅಷ್ಟರಲ್ಲಿ ಮಿರ್ಜಾಗಲಿ ಬಂದ. ಶೂ ಬಿಚ್ಚುತ್ತಲೇ, 'ಅಕ್ಕಾ, ಅಳ್ಬೇಡ! ದೇವರು ಈ ತಮ್ಮನ್ನ ಸುಮ್ನೆ ಹುಟ್ಟಿಸಿಲ್ಲ' ಎಂದ. ಚೀಲದಿಂದ ಕೆಂಪು ಬೇರು ತೆಗೆದು ಮೇಜಿನ ಮೇಲೆ ಸುರಿದ.

'ದಿನಾ ಕುದಿಸಿ ಕುಡಿ. ಬೇಸಿಗೆ ಮುಗಿಯೋ ಹೊತ್ತಿಗೆ ಗಂಟು ಕರಗಿಹೋಗುತ್ತೆ. ಕತ್ತಿಗಿತ್ತಿ ಏನೂ ಬೇಡ.'

'ಬೇಸಿಗೆ ಮುಗಿಯೋವರೆಗೂ ಕಾಯೋದಾ?' ಎಂದೆ. 'ಡಾಕ್ಟರು ಸೋಮವಾರ ಅಂದಿದಾರೆ.'

'ಡಾಕ್ಟರು ಕೈಯಲ್ಲಿ ಮುಟ್ಟಿ ನೋಡಿದ್ರು ಭಾವ. ಕೈ! ನನ್ನ ಯಂತ್ರ ಕೋಶದ ಒಳಗೇ ನೋಡುತ್ತೆ. ನಿಮಗೇನ್ ಗೊತ್ತು, ನೀವು ವ್ಯಾನ್ ಓಡಿಸೋರು.'

'ಹೌದಪ್ಪ. ಅದಕ್ಕೇ ಟ್ಯಾಂಕ್ ತೆಗೆದು ನೋಡ್ತೀನಿ.'

'ಹಳೇದೆಲ್ಲ ಎತ್ತಬೇಡಿ.'

'ಎತ್ತೋದಕ್ಕೆ ನಿಂದು ಹೊಸದು ಏನಾದ್ರೂ ಇದ್ರೆ ತಾನೇ?'

ಬಾಗಿಲಾ ನಮ್ಮಿಬ್ಬರನ್ನೂ ಗದರಿದಳು. ಬೇರನ್ನು ಎತ್ತಿ ಮೂಸಿದಳು. 'ನಮ್ಮಮ್ಮನ ಅಡುಗೆಮನೆ ವಾಸನೆ' ಎಂದಳು. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಯಂತ್ರವನ್ನು ನಾನು ಬಯ್ಯಬಲ್ಲೆ. ಅಮ್ಮನ ಅಡುಗೆಮನೆಯನ್ನು ಏನೆಂದು ಬಯ್ಯಲಿ?

ಅವಳು ಬೇರು ಕುದಿಸಿದಳು. ಆದರೆ ಕುಡಿಯಲಿಲ್ಲ, ತಣ್ಣಗಾಗಲು ಬಿಟ್ಟಳು. ಎರಡು ದಿನ ಆ ಪಾತ್ರೆ ಒಲೆಯ ಪಕ್ಕದಲ್ಲೇ ಇತ್ತು. ಗುರುವಾರ ಬೆಳಿಗ್ಗೆ ಒಂದು ಸಣ್ಣ ಸೀಸೆ ತೆಗೆದುಕೊಂಡು, 'ನನ್ನನ್ನ ಮಿರ್ಜಾಗಲಿ ಹತ್ರ ಕರ್ಕೊಂಡ್ ಹೋಗಿ. ನಾನು ಕುದಿಸಿದ್ದು ಸರಿಯಾಗಿದೆಯಾ ಅಂತ ಯಂತ್ರದಲ್ಲಿ ನೋಡ್ಲಿ' ಎಂದಳು. ನಾನು ವ್ಯಾನ್ ತೆಗೆದೆ.

ಮಿರ್ಜಾಗಲಿ ಅಕ್ಕನನ್ನು ಕಂಡು ಹಿಗ್ಗಿದ. ಅಕ್ಮಾರಲ್ ಪಕ್ಕದ ಕಟ್ಟಡದಲ್ಲಿದ್ದಳು. ಅವನಿಗೂ ಅದೇ ಬೇಕಿತ್ತು. ಸೀಸೆಯನ್ನು ಬೆಳಕಿಗೆ ಹಿಡಿದು, 'ಆಹಾ, ಏನು ಬಣ್ಣ!' ಎಂದ. ಕೋಶಗಳ ಒಂದು ಹೊಸ ತಟ್ಟೆ ತಂದು, ಎಲ್ಲ ಗುಳಿಗೂ ಆ ಕೆಂಪುಗಂದು ನೀರಿನ ತೊಟ್ಟು ಬಿಟ್ಟ. ಆಮೇಲೆ ಮುಚ್ಚಳ ಹಾಕದೆ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಹತ್ತಿದ. ಚಾವಣಿಯಲ್ಲಿ ಹೊಗೆ ಬಂದರೆ ಕೂಗುವ ಗಂಟೆಯೊಂದಿದೆ. ತನ್ನ ತಲೆಯ ಟೋಪಿ ತೆಗೆದು ಅದಕ್ಕೆ ಹಾಕಿದ.

'ಇದೇನೋ?' ಎಂದಳು ಬಾಗಿಲಾ.

'ಇರು ಅಕ್ಕ.' ಬೀರುವಿನಿಂದ ಒಂದು ಬಾಣಲೆ ತೆಗೆದ. ಅದರಲ್ಲಿ ಒಣಗಿದ ಅದ್ರಾಸ್ಪಾನ್ ಗಿಡ. ದೃಷ್ಟಿಗೆ ಹೊಗೆ ಹಾಕಲು ನಮ್ಮ ಮನೆಗಳಲ್ಲೆಲ್ಲ ಇರುವಂಥದ್ದೇ. ಬೆಂಕಿ ಹಚ್ಚಿ, ದಟ್ಟ ಹೊಗೆ ಏಳುತ್ತಿದ್ದಂತೆ ಬಾಣಲೆಯನ್ನು ತಟ್ಟೆಯ ಸುತ್ತ ಆಡಿಸಿದ. ಬಾಯಲ್ಲಿ ಏನೋ ಗೊಣಗುತ್ತಿದ್ದ. ಕೊನೆಗೆ ತಟ್ಟೆಯ ಮೇಲೆ ಬಗ್ಗಿ ಹೊಗೆಯನ್ನು ಊದಿದ.

'ಎಲ್ಲಾ ತಟ್ಟೆಗೂ ಹೀಗೆ ಮಾಡ್ತೀಯಾ?'

'ಎಲ್ಲದಕ್ಕೂ ಯಾಕೆ? ಬೇರೆ ಊರಿನ ಬೇರಿಗೆ ಯಾರು ದೃಷ್ಟಿ ಹಾಕ್ತಾರೆ? ನಮ್ಮೂರ ತಟ್ಟೆಗೆ ಹಾಕಿದ್ದೆ. ಈಗ ನಿಂದಕ್ಕೆ. ಅಕ್ಮಾರಲ್ ಕಣ್ಣು ಸರಿ ಇಲ್ಲ ಅಕ್ಕ. ಸುಮ್ನೆ ನೋಡಿದ್ರೂ ಹಾಲು ಒಡೆಯುತ್ತೆ.'

ಮರುದಿನ ಮಧ್ಯಾಹ್ನ ಮತ್ತೆ ಹೋದೆವು. ಅವನು ಬಣ್ಣ ಹಾಕಿ, ತಟ್ಟೆಯನ್ನು ಒಳಗೆ ತಳ್ಳಿ, ಯಂತ್ರದ ಪಕ್ಕ ಮದುಮಗನ ಹಾಗೆ ನಿಂತಿದ್ದ. ಯಂತ್ರ ಗುರ್ರೆನ್ನುತ್ತ ಕೆಲಸ ಮಾಡಿತು. ಪರದೆಯ ಮೇಲೆ ಚೌಕಗಳು ಬಂದವು. ಕೆಂಪು. ಕೆಂಪು. ಎಲ್ಲವೂ ಕೆಂಪು.

'ಅಕ್ಕಾ! ನಿನ್ನ ಕೈಗುಣವೇ ಗುಣ! ನನ್ನ ರಸಕ್ಕಿಂತ ನಿಂದೇ ಜೋರು!' ಎಂದು ಕುಣಿದ.

ಬಾಗಿಲಾ ಕುಣಿಯಲಿಲ್ಲ. ಅವಳ ಮುಖ ಸುಣ್ಣದ ಗೋಡೆಯಂತಾಯಿತು.

'ಎಲ್ಲಾ ಸತ್ತವಾ?'

'ಎಲ್ಲಾ!'

'ತೋರ್ಸು.'

'ತೋರಿಸ್ತಿದೀನಲ್ಲ, ನೋಡು, ಕೆಂಪು.'

'ಚೌಕ ಬೇಡ. ಸತ್ತಿರೋದನ್ನ ತೋರ್ಸು.'

ಮಿರ್ಜಾಗಲಿ ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಇಷ್ಟು ತಿಂಗಳು ಯಂತ್ರದ ಯಜಮಾನನಾಗಿ ಮೆರೆದವನಿಗೆ ಫೋಟೋ ತೆರೆಯುವುದು ಎಲ್ಲಿ ಎಂದೇ ಗೊತ್ತಿರಲಿಲ್ಲ! ನಾನು ಹೋಗಿ ಅಕ್ಮಾರಲಳನ್ನು ಕರೆತಂದೆ.

ಅವಳು ಒಂದು ಚೌಕದ ಮೇಲೆ ಒತ್ತಿದಳು. ಫೋಟೋ ತೆರೆಯಿತು. ಎಲ್ಲೆಲ್ಲೂ ನೀಲಿ, ಮಂಜು ಕವಿದ ಹಾಗೆ. ಅದರೊಳಗೆ ದುಂಡು ದುಂಡು ಚುಕ್ಕೆಗಳು. ಅವಳು ಅದನ್ನು ದೊಡ್ಡದು ಮಾಡಿದಳು. ಹಳೆಯ ಕೆಂಪು ಬೇರಿನ ತಟ್ಟೆಯ ಫೋಟೋವನ್ನೂ ತೆರೆದು ಪಕ್ಕದಲ್ಲಿಟ್ಟಳು. ಎರಡೂ ಒಂದೇ ಥರ.

'ಇವು ಸತ್ತಿಲ್ಲ,' ಎಂದಳು. 'ಸತ್ತಿದ್ರೆ ಒಣದ್ರಾಕ್ಷಿ ಥರ ಮುದುಡಿರ್ತಿದ್ವು. ನೋಡಿ, ಎಷ್ಟು ದಪ್ಪಗಿವೆ. ಇದು ಒಂದು ಎರಡಾಗ್ತಿದೆ. ಇದೂನು. ಚೆನ್ನಾಗಿ ಬೆಳೀತಿವೆ.'

'ಹಾಗಾದ್ರೆ ಯಂತ್ರ ಸುಳ್ಳು ಹೇಳುತ್ತಾ?' ಮಿರ್ಜಾಗಲಿಗೆ ಸಿಟ್ಟು ಬಂತು. 'ಅಕ್ಕನ ಬೇರು ಎಲ್ಲಾ ಕೊಂದಿದೆ!'

'ಅದು ಬೇರಲ್ಲ,' ಎಂದಳು ಬಾಗಿಲಾ.

'ಮತ್ತೇನು?'

'ಚಹಾ. ನಿನ್ನೆ ಬೆಳಿಗ್ಗೆ ನಿಮ್ಮ ಭಾವ ಕುಡಿದು ಉಳಿದಿದ್ದು. ಹಾಲು ಹಾಕಿರಲಿಲ್ಲ.'

ನನಗೂ ಅದು ಗೊತ್ತಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಪರದೆಯನ್ನೇ ನೋಡುತ್ತಿದ್ದಳು.

ಅಕ್ಮಾರಲ್ ಗಾಳಿಯನ್ನು ಮೂಸಿದಳು. ಮೇಲೆ ನೋಡಿದಳು. ಟೋಪಿ ಇನ್ನೂ ಗಂಟೆಯ ಮೇಲೇ ಇತ್ತು.

'ಇಲ್ಲಿ ಏನು ಸುಟ್ರಿ?'

ಬಾಗಿಲಾ ಹೇಳಿದಳು.

'ಅದ್ರಾಸ್ಪಾನ್!' ಅಕ್ಮಾರಲ್ ಕುರ್ಚಿಯಲ್ಲಿ ಕುಸಿದಳು. 'ಆ ಗಿಡದ ಸತ್ವ ಈ ಯಂತ್ರದ ದೀಪಕ್ಕೆ ತಾನೇ ನೀಲಿಯಾಗಿ ಹೊಳೆಯುತ್ತೆ. ಹೊಗೆ ತಟ್ಟೆಯೊಳಗೆ ಇಳಿದಿದೆ. ಹೆಚ್ಚು ಹೊಳೆದದ್ದೆಲ್ಲ ಸಾಯ್ತಿದೆ ಅಂತ ಯಂತ್ರಕ್ಕೆ ಹೇಳಿಕೊಟ್ಟಿರೋದು ನಾವೇ. ಅದು ಹೇಳಿದ ಹಾಗೆ ಮಾಡಿದೆ. ಪಕ್ಕದಲ್ಲೇ ಒಂದು ಸಾಲು ನೀರು ಇದ್ದಿದ್ರೆ, ಆ ನೀರೂ ಕೆಂಪು ಬಂದು ಅವತ್ತೇ ಗೊತ್ತಾಗ್ತಿತ್ತು. ನೀವು ಅದಕ್ಕೆ ಔಷಧ ತೋರಿಸಿಲ್ಲ ಮಿರ್ಜಾಗಲಿ. ಹೊಗೆ ತೋರಿಸಿದೀರ.'

ಬೇರೆ ಯಾರಾದರೂ ಆಗಿದ್ದರೆ ಆಗ ನೆಲ ನೋಡುತ್ತಿದ್ದರು. ನನ್ನ ಬಾಮೈದ ಸ್ವಲ್ಪ ಹೊತ್ತು ಯೋಚಿಸಿ, 'ಒಂದ್ ವೇಳೆ ಚಹಾದಲ್ಲೂ ಏನಾದ್ರೂ ಶಕ್ತಿ ಇದ್ರೆ?' ಎಂದ.

ಬಾಗಿಲಾ ಎದ್ದು ಹೊರಗೆ ಬಂದಳು.

ವ್ಯಾನಿನಲ್ಲಿ ಬಜಾರಿನ ತಿರುವು ದಾಟಿದ ಮೇಲೆ ನಾನೇ, 'ಒಳ್ಳೆ ಬುದ್ಧಿವಂತಿಕೆ ಮಾಡಿದೆ, ಸರಿಯಾಗಿ ಹಿಡಿದೆ ಅವನನ್ನ' ಎಂದೆ.

'ಹಿಡಿಯೋಕೆ ಮಾಡಿದ್ದಲ್ಲ ರೀ,' ಎಂದಳು. 'ಚಹಾಕ್ಕೆ ಹಸಿರು ಬರ್ಲಿ ಅಂತ ಬೇಡ್ಕೋತಿದ್ದೆ. ಹಸಿರು ಬಂದಿದ್ರೆ, ಯಂತ್ರಕ್ಕೆ ಚಹಾ ಯಾವುದು ಬೇರು ಯಾವುದು ಅಂತ ಗೊತ್ತಾಗುತ್ತೆ, ನಮ್ಮ ತಮ್ಮ ಹೇಳಿದ್ದು ನಿಜ ಅಂತ ನಂಬಿ, ಧೈರ್ಯವಾಗಿ ಬೇರು ಕುಡೀತಿದ್ದೆ. ಕತ್ತಿ ಹತ್ರ ಹೋಗ್ತಿರ್ಲಿಲ್ಲ.'

ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಅವಳು ಅತ್ತಳು. ಹಿಂದಿನ ಗಾಡಿಗಳವರು ಹಾರನ್ ಹೊಡೆದರು. ಹೊಡೆದುಕೊಳ್ಳಲಿ ಎಂದು ಬಿಟ್ಟೆ.

ಮನೆಗೆ ಬಂದವಳೇ ಪಾತ್ರೆಯಲ್ಲಿದ್ದ ಬೇರಿನ ನೀರನ್ನು ಬಚ್ಚಲಿಗೆ ಸುರಿದಳು. ಟವಲ್ಲು, ಚಪ್ಪಲಿ, ಒಂದು ಬಟ್ಟಲು ಚೀಲಕ್ಕೆ ಹಾಕಿದಳು. 'ಸೋಮವಾರ ಎಷ್ಟು ಹೊತ್ತಿಗೆ ಬರ್ಬೇಕು ಅಂತ ಆಸ್ಪತ್ರೇಲಿ ಕೇಳಿ' ಎಂದಳು.

ಆಪರೇಷನ್ನಿನ ದಿನ ಮಿರ್ಜಾಗಲಿಯೂ ಬಂದ. ಬಾಣಲೆ ಸಮೇತ ಬಂದ. ನರ್ಸಮ್ಮ ಅವನನ್ನು ಬಾಗಿಲಲ್ಲೇ ತಡೆದು, 'ಹೊಗೆ ಹಾಕೋಕೆ ಇದೇನು ನಿಮ್ಮ ಕುರಿ ಕೊಟ್ಟಿಗೆನಾ?' ಎಂದು ಮೆಟ್ಟಿಲಿಳಿಸಿದಳು. ಅವನು ಅಂಗಳಕ್ಕೆ ಹೋಗಿ, ಒಂದು ಕಿಟಕಿಯ ಕೆಳಗೆ ನಿಂತು ಬಾಣಲೆ ಆಡಿಸುತ್ತಿದ್ದ. ಅದು ಬಾಗಿಲಾಳ ಕಿಟಕಿಯಲ್ಲ. ಆಸ್ಪತ್ರೆಯ ಅಡುಗೆಮನೆಯದು. ಒಳಗಿನಿಂದ ಯಾರೋ ಅವನ ಮೇಲೆ ಪಾತ್ರೆ ತೊಳೆದ ನೀರು ಚೆಲ್ಲಿದರು. ನಾನು ಮೇಲಿನಿಂದ ನೋಡುತ್ತಿದ್ದೆ. ಆ ದಿನ ನನಗೆ ನಗು ಬಂದದ್ದು ಅದೊಂದೇ ಸಲ.

ಗಂಟು ಪೂರ್ತಿ ಹೊರಗೆ ಬಂತು, ಕಂಕುಳಿಗೆ ಹರಡಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಸಂಸ್ಥೆಯಲ್ಲಿ ಕೆಂಪು ಬೇರಿನ ಮಾತು ನಿಂತಿತು. ಸಾಪೆಕೆ ತಾವು ಅತ್ತದ್ದನ್ನೇ ಮರೆತರು. ಯಾರಾದರೂ ನೆನಪಿಸಿದರೆ, 'ಯಾವ ಬೇರು?' ಎನ್ನುತ್ತಾರೆ. ಮಿರ್ಜಾಗಲಿಯನ್ನು ತೆಗೆದು ಹಾಕಲಿಲ್ಲ, ಊರವನಲ್ಲವೇ? ಗಿಡ ಒಣಗಿಸುವ ಶೆಡ್ಡಿಗೆ ಹಾಕಿದರು. ಅಲ್ಲಿ ಗೋಡೆಗೆ ಒಂದು ಥರ್ಮಾಮೀಟರ್ ಇದೆ. ಗಿಡ ಒಣಗಿದೆಯಾ ಎಂದು ಕೇಳಿದರೆ ಅದನ್ನೇ ನೋಡಿ ಹೇಳುತ್ತಾನೆ. ಗಿಡವನ್ನು ಮುಟ್ಟುವುದಿಲ್ಲ. ಎರಡು ಚೀಲ ಆಗಲೇ ಬೂಷ್ಟು ಹಿಡಿದಿವೆ.

ಬಾಗಿಲಾ ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಅವನು ಮನೆಗೆ ಬಂದ. ಊರಿನಲ್ಲೆಲ್ಲ, 'ಅಕ್ಕ ಉಳಿದದ್ದು ನನ್ನ ಹೊಗೆಯಿಂದ' ಎಂದು ಹೇಳಿಕೊಂಡು ತಿರುಗುತ್ತಿದ್ದಾನೆಂದು ನಮಗೆ ಗೊತ್ತಿತ್ತು. ಬಾಗಿಲಾಗೆ ಒಂದು ಕೈಯನ್ನು ಇನ್ನೂ ಮೇಲೆತ್ತಲು ಆಗುತ್ತಿರಲಿಲ್ಲ. ಇನ್ನೊಂದು ಕೈಯಲ್ಲೇ ಬಟ್ಟಲಿಗೆ ಚಹಾ ಸುರಿದು ಅವನ ಮುಂದೆ ಇಟ್ಟಳು. ಹಾಲು ಹಾಕಲಿಲ್ಲ.

'ಕುಡಿ,' ಎಂದಳು. 'ಕ್ಯಾನ್ಸರು ಹತ್ರ ಸುಳಿಯಲ್ಲ. ನಿನ್ನ ಯಂತ್ರವೇ ಹೇಳಿದೆ.'

ನಾನು ಬೌರ್ಸಾಕ್ ಬಾಯಿಗಿಟ್ಟುಕೊಂಡು ನಗು ತಡೆದೆ. ಮಿರ್ಜಾಗಲಿ ನಗಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಳದವರೆಗೂ ಕುಡಿದ. ಆಮೇಲೆ ನನ್ನ ಕಡೆ ಬಗ್ಗಿ, ಅಕ್ಕನಿಗೆ ಕೇಳಿಸದ ಹಾಗೆ, 'ಭಾವ, ಇದು ಯಾವ ಅಂಗಡಿ ಚಹಾ?' ಎಂದ.